ಮುಳುಗದ ಉಳ್ಳಾಗಡ್ಡಿ

ಮುಳುಗಬೇಕಾಗಿದ್ದ ಉಳ್ಳಾಗಡ್ಡಿ ತೇಲಿತು.

ಅದೂ ಎಲ್ಲಿ? ನಾಲ್ಕನೇ ಕ್ಲಾಸಿನ ಮೂವತ್ತು ಮಕ್ಕಳ ಎದುರು. ಮಾರ್ಕ್ಸ್ ಹಾಕಲು ಬಂದಿದ್ದ ಮೇಡಂ ಎದುರು. ಸಾಲದ್ದಕ್ಕೆ, ಕಡೆಯ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಓರೆಯಾಗಿ ಕುಳಿತಿದ್ದ ನನ್ನ ಎದುರು.

ಪಾಠ ನನ್ನ ಮಗಳದು. ಉಳ್ಳಾಗಡ್ಡಿ ನನ್ನದು. (ಬುಟ್ಟಿಯಿಂದ ಎತ್ತಿ ಕೊಟ್ಟವಳು ನಾನೇ. ಆಮೇಲೆ ಎಷ್ಟು ಸಲ ನೆನೆಸಿಕೊಂಡು ಕೈ ಹಿಸುಕಿಕೊಂಡೆನೋ.)

ಮೊದಲಿನಿಂದ ಹೇಳುತ್ತೇನೆ.

ನಮ್ಮ ಪಲ್ಲವಿ ಹನ್ನೆರಡನೇ ಕ್ಲಾಸಿನ ನಂತರ "ನಾನು ಡಿ.ಎಡ್. ಮಾಡುತ್ತೇನೆ" ಅಂದಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗುವ ಕೋರ್ಸು. ಈಗ ಅದರ ಹೆಸರು ಉದ್ದವಾಗಿದೆ, ನಮ್ಮ ನಾಸಿಕ್ ರೋಡ್ ಕಾಲೊನಿಯ ಬಾಯಲ್ಲಿ ಮಾತ್ರ ಇನ್ನೂ ಡಿ.ಎಡ್. ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರು. ಸೈನ್ಸ್ ಓದಿದ ಹುಡುಗಿ, ಒಳ್ಳೆಯ ಮಾರ್ಕ್ಸು, ಈಗ ಯಾರು ಡಿ.ಎಡ್. ಮಾಡುತ್ತಾರೆ? ಕಾಲೇಜಿಗೆ ಸೇರಿಸಲು ಹೋದಾಗ ನೋಡಿದೆ, ಖಾಲಿ ಬೆಂಚುಗಳೇ ಹೆಚ್ಚು. ನನ್ನ ಮುಖ ಸಪ್ಪಗಾಯಿತು. ನಮ್ಮ ಯಜಮಾನರು ಮಾತ್ರ, "ಅಕಿಗಿ ಮನಸದ ಅಂದ್ರ ಮಾಡ್ಲಿ ಬಿಡು" ಅಂದರು. ಅಷ್ಟೇ. ಅವರ ಮಾತು ಯಾವಾಗಲೂ ಒಂದೇ ಸಾಲಿನದು.

ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸಲು ಎರಡು ವರ್ಷ ಏನು ಓದುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿದ್ದೀರಿ ತಾನೆ? ತಪ್ಪು. ಮಕ್ಕಳ ಮನಶ್ಶಾಸ್ತ್ರ, ಪ್ರತಿ ವಿಷಯಕ್ಕೊಂದು ಬೋಧನಾ ಪದ್ಧತಿ, ಚಿತ್ರಕಲೆ, ಕವಾಯತು, ಬೋರ್ಡಿನ ಮೇಲೆ ಸೊಟ್ಟಗಾಗದ ಹಾಗೆ ಬರೆಯುವ ಅಭ್ಯಾಸ, ಒಂದರ ಮೇಲೊಂದು ಫೈಲು. ಆರು ತಿಂಗಳಲ್ಲಿ ನಮ್ಮ ಹಾಲ್ ಸ್ಟೇಷನರಿ ಅಂಗಡಿಯಾಯಿತು. ಥರ್ಮೋಕೋಲ್, ಬಣ್ಣದ ಕಾಗದ, ಹುಣಸೇ ಬೀಜ, ಐಸ್‌ಕ್ರೀಮ್ ಕಡ್ಡಿ. ಯಜಮಾನರು ಸಿನ್ನರ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಭಾನುವಾರ ಕುಳಿತು ಮಗಳು ಕತ್ತರಿಸಿದ ಕಾಗದದ ಆನೆಗಳನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದರು. "ಈ ಆನಿ ಎರಡು ಮಿಲಿಮೀಟರ್ ಸಣ್ಣದಾಗ್ಯದ ನೋಡು."

ಇದೆಲ್ಲದರ ನಡುವೆ ನನ್ನನ್ನು ಬೆರಗುಗೊಳಿಸಿದ್ದು ಪಾಠದ ಟಾಚಣ. ಅಂದರೆ ಪಾಠ ಮಾಡುವ ಮೊದಲು ಬರೆದು ಒಪ್ಪಿಸಬೇಕಾದ ಯೋಜನೆ. ಗೆರೆ ಎಳೆದ ಪುಟ. ಒಂದು ಕಾಲಮ್ಮಿನಲ್ಲಿ ಶಿಕ್ಷಕಿ ಕೇಳುವ ಪ್ರಶ್ನೆ. ಅದರ ಪಕ್ಕದ ಕಾಲಮ್ಮಿನ ಹೆಸರು, 'ಅಪೇಕ್ಷಿತ ಉತ್ತರ'.

"ಇದೇನ ಪಲ್ಲು, ಹುಡುಗೂರ ಉತ್ತರಾನೂ ನೀನೇ ಬರೀತಿಯೇನು?"

"ಬರೆಯಲೇಬೇಕು ಮಮ್ಮಿ."

"ಮತ್ತ ಅವು ಬ್ಯಾರೆ ಏನರ ಅಂದ್ರ?"

"ಅಪೇಕ್ಷಿತ ಉತ್ತರ ಬರುವ ಹಾಗೆ ಇನ್ನೊಮ್ಮೆ ಪ್ರಶ್ನೆ ಕೇಳಬೇಕು."

(ನಾವಿಬ್ಬರು ಮಾತಾಡುವುದು ಹೀಗೆ: ನಾನು ಬೀದರಿನ ಕನ್ನಡದಲ್ಲಿ ಕೇಳುತ್ತೇನೆ, ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಇಲ್ಲಿ ಅವಳ ಮಾತನ್ನು ನಾನೇ ಕನ್ನಡಕ್ಕೆ ತಂದಿದ್ದೇನೆ. ಕನ್ನಡ ಅವಳಿಗೆ ಪೂರಾ ತಿಳಿಯುತ್ತದೆ. ಆಡಲು ಮಾತ್ರ ನಾಲಿಗೆ ತೊಡರುತ್ತದೆ.)

ಸಿನ್ನರ್ ಹತ್ತಿರದ ಹಳ್ಳಿಯೊಂದರ ಮರಾಠಿ ಶಾಲೆಯಲ್ಲಿ ಅವಳ ಪಾಠ ನಿಗದಿಯಾಯಿತು. ವಿಷಯ: ನೀರಿನಲ್ಲಿ ತೇಲುವ ವಸ್ತು, ಮುಳುಗುವ ವಸ್ತು. ದೊಡ್ಡ ಪ್ಲಾಸ್ಟಿಕ್ ಟಬ್ಬು, ಚಾರ್ಟಿನ ಸುರುಳಿ, ಒಂದು ಚೀಲ ಸಾಮಾನು. ಒಬ್ಬಳೇ ಬಸ್ಸಿನಲ್ಲಿ ಹೊರಲಾರಳು ಅಂತ ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಟಬ್ಬನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ ನನ್ನನ್ನು ನೋಡಿ ಕಂಡಕ್ಟರ್, "ಮಾವಶೀ, ಗೋದಾವರಿ ಸ್ನಾನಕ್ಕೆ ನೀವು ಉಲ್ಟಾ ದಿಕ್ಕಿಗೆ ಹೊರಟಿದ್ದೀರಿ" ಅಂದ.

ಪಾಠ ಚೆನ್ನಾಗಿಯೇ ಶುರುವಾಯಿತು. ಕಲ್ಲು ಮುಳುಗಿತು. ಎಲೆ ತೇಲಿತು. ಮೊಳೆ ಮುಳುಗಿತು. ಬಾಟಲಿಯ ಮುಚ್ಚಳ ತೇಲಿತು. ಮಕ್ಕಳು ಕತ್ತು ಚಾಚಿ ನೋಡುತ್ತಿದ್ದರು. ಕಾಲೇಜಿನಿಂದ ಬಂದಿದ್ದ ಜಾಧವ ಮೇಡಂ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಏನೋ ಬರೆಯುತ್ತಿದ್ದರು.

ಆಮೇಲೆ ಪಲ್ಲವಿ ಉಳ್ಳಾಗಡ್ಡಿ ಎತ್ತಿ ಹಿಡಿದಳು. "ಇದು ಏನಾಗುತ್ತದೆ?"

ಮನೆಯಲ್ಲಿ ಪ್ರಯೋಗ ಮಾಡಿ ನೋಡಿದ್ದಳು. ಆ ಉಳ್ಳಾಗಡ್ಡಿ ಮುಳುಗಿತ್ತು. ಆದರೆ ಅದನ್ನು ನಾನು ಜುಣಕಕ್ಕೆ ಹೆಚ್ಚಿ ಹಾಕಿಬಿಟ್ಟಿದ್ದೆ. ಬೆಳಿಗ್ಗೆ ಬುಟ್ಟಿಯ ತಳದಿಂದ ಇನ್ನೊಂದು ತೆಗೆದು ಕೊಟ್ಟಿದ್ದೆ. ಉಳ್ಳಾಗಡ್ಡಿ ಅಂದರೆ ಉಳ್ಳಾಗಡ್ಡಿ, ಅದರಲ್ಲೇನು?

ನೀರಿಗೆ ಬಿಟ್ಟಳು. ಅದು ಒಮ್ಮೆ ಮುಳುಗು ಹಾಕಿ ಮೇಲೆ ಬಂದು ಹಾಯಾಗಿ ಮಲಗಿತು.

"ತರಂಗತೋ! ತರಂಗತೋ!" ತೇಲುತ್ತಿದೆ ಅಂತ ಇಡೀ ಕ್ಲಾಸು ಕೂಗಿತು. ಗೋಡೆಯ ಮೇಲಿನ ಚಾರ್ಟಿನಲ್ಲಿ ಮುಳುಗುವ ವಸ್ತುಗಳ ಸಾಲಿನಲ್ಲಿ ಅದೇ ಉಳ್ಳಾಗಡ್ಡಿ, ಗುಲಾಬಿ ಬಣ್ಣ ಹಚ್ಚಿಸಿಕೊಂಡು ನಿಂತಿತ್ತು. ಪಲ್ಲವಿ ಬೆರಳಿನಿಂದ ಒತ್ತಿದಳು. ಅದು ಮತ್ತೆ ಎದ್ದಿತು. ಅವಳ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

ಆಗ ಮೂರನೇ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ತನಗಿಂತ ದೊಡ್ಡ ಸ್ವೆಟರು ಹಾಕಿಕೊಂಡ ಸಣ್ಣ ಹುಡುಗಿ. ಎದ್ದು ನಿಂತಳು. ಒಂದೇ ಉಸಿರಿನಲ್ಲಿ ಹೇಳಿದಳು:

"ಟೀಚರ್ರಿ, ಅದು ಹಳೀದದರಿ. ಒಳಗ ಒಣಗಿ ಪೊಳ್ಳಾಗ್ಯದ. ಹಂಗಾಗೇ ತೇಲ್ಲತ್ತದ. ಹೊಸಾದ್ ಹಾಕ್ರಿ, ಮುಳುಗತದ."

ಕನ್ನಡ! ಅಪ್ಪಟ ಆಳಂದ ಕಡೆಯ ಕನ್ನಡ. ಎಷ್ಟೋ ವರ್ಷಗಳ ನಂತರ ನೆಂಟರ ಮನೆಯ ಬಾಗಿಲು ತೆರೆದ ಹಾಗಾಯಿತು ನನಗೆ. ಮಕ್ಕಳು ಕಿಸಕ್ಕನೆ ನಕ್ಕರು. ಜಾಧವ ಮೇಡಂ ಪೆನ್ನು ನಿಲ್ಲಿಸಿ ತಲೆ ಎತ್ತಿದರು.

ಪಲ್ಲವಿ ಅರೆಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. ಆಮೇಲೆ ಮೇಡಂ ಅವರನ್ನು.

"ಮರಾಠೀತ್ ಬೋಲ್, ಬಾಳಾ." ಮರಾಠಿಯಲ್ಲಿ ಹೇಳು ಮಗೂ.

ಹುಡುಗಿ ಬಾಯಿ ತೆರೆದಳು. "ಕಾಂದಾ..." ಅಂದಳು. ಮರಾಠಿಯಲ್ಲಿ ಉಳ್ಳಾಗಡ್ಡಿಗೆ ಅದೇ ಹೆಸರು. ಅದರ ಮುಂದಿನ ಮಾತು ಅವಳ ಹತ್ತಿರ ಇರಲಿಲ್ಲ. "ಕಾಂದಾ..." ಅಂತ ಇನ್ನೊಮ್ಮೆ ಅಂದಳು.

"ಕಾಹೀ ಕಳಲಂ ನಾಹೀ. ಖಾಲೀ ಬಸ್."

ಏನೂ ತಿಳಿಯಲಿಲ್ಲ, ಕೂತುಕೋ. ನನ್ನ ಮಗಳು ಮೆತ್ತಗೇ ಹೇಳಿದಳು. ಗದರಲಿಲ್ಲ. ಮೆತ್ತಗೆ ಹೇಳಿದ್ದರಿಂದ ಆ ಹುಡುಗಿಗೆ ನೋವು ಕಡಿಮೆಯಾಯಿತೇ? ಗೊತ್ತಿಲ್ಲ. ಕೂತಳು. "ಈ ಉಳ್ಳಾಗಡ್ಡಿ ಕೆಟ್ಟಿದೆ" ಅಂತ ಪಲ್ಲವಿ ಅದನ್ನು ಬದಿಗಿಟ್ಟು ಮುಂದಿನ ವಸ್ತು ತೆಗೆದುಕೊಂಡಳು. ಪಾಠ ಸರಿಯಾಗಿ ಬೆಲ್ ಹೊಡೆಯುವ ಹೊತ್ತಿಗೆ ಮುಗಿಯಿತು.

ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮೇಡಂ ಫೈಲಿನಲ್ಲಿ ಬರೆದರು: "ಪಾಠ ಉತ್ತಮ. ವರ್ಗ ನಿಯಂತ್ರಣ ಚೆನ್ನಾಗಿದೆ. ಸಾಧನಗಳನ್ನು ಮೊದಲೇ ಪರೀಕ್ಷಿಸಬೇಕು." ಮಾರ್ಕ್ಸೂ ಚೆನ್ನಾಗಿಯೇ ಬಂತು. ವಾಪಸ್ ಬಸ್ಸಿನಲ್ಲಿ ಮಗಳು ಖುಷಿಯಾಗಿರುತ್ತಾಳೆ ಅಂದುಕೊಂಡರೆ, ಅವಳು ಕಿಟಕಿಗೆ ಹಣೆ ಆನಿಸಿ ಕುಳಿತಿದ್ದಳು. ಅರ್ಧ ದಾರಿ ಕಳೆದ ಮೇಲೆ ಕೇಳಿದಳು.

"ಮಮ್ಮಿ, ಆ ಹುಡುಗಿ ಹೇಳಿದ್ದು ನಿನಗೆ ತಿಳಿಯಿತಲ್ಲ?"

"ತಿಳೀತು."

"ನನಗೂ ತಿಳಿಯಿತು."

ನಾನು ಏನಂದೆ ಗೊತ್ತೇ? "ಹೋಗ್ಲಿ ಬಿಡು, ಮಾರ್ಕ್ಸ್ ಬಂದಾವಲ್ಲ" ಅಂದೆ. (ವಾರ ವಾರ ಈ ಅಂಕಣದಲ್ಲಿ ಕುಳಿತು ನಿಮಗೆ ಬುದ್ಧಿ ಹೇಳುವವಳು ನಾನೇ. ನೆನಪಿರಲಿ.)

ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಆ ಉಳ್ಳಾಗಡ್ಡಿಯನ್ನು ಎರಡು ಹೋಳು ಮಾಡಿದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಪದರು ಪದರಿನ ನಡುವೆ ಒಣಗಿ ಸಂದಾಗಿತ್ತು. ನಡುವೆ ಹಸಿರು ಮೊಳಕೆ.

ಇನ್ನೊಂದು ವಿಷಯ ಹೇಳಬೇಕು. ಆ ಪಾಠಕ್ಕೆ ಸ್ವಲ್ಪ ದಿನ ಮೊದಲು ಅವಳಿಗೆ ಒಂದು ಪೇಪರ್ ಇತ್ತು. 'ಮಗುವಿನ ಮನೆಮಾತು ತರಗತಿಯ ಸಂಪತ್ತು' ಎಂಬ ವಿಷಯ. ನಾಲ್ಕು ಪುಟ ಬರೆದಿದ್ದಳು. ಅದರಲ್ಲೂ ಒಳ್ಳೆಯ ಮಾರ್ಕ್ಸು.

ಮುಂದಿನ ವಾರದಿಂದ ಅದೇ ಶಾಲೆಯಲ್ಲಿ ಅವಳ ಇಂಟರ್ನ್‌ಶಿಪ್. ದಿನವೂ ಹೋಗಬೇಕು. ಸೋಮವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ತಲೆ ಬಾಚಿಕೊಳ್ಳುತ್ತ ಅಡುಗೆಮನೆಗೆ ಬಂದಳು.

"ಮಮ್ಮಿ, ಸಾರಿ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?"

ಹೆಂಚಿನ ಮೇಲಿನ ರೊಟ್ಟಿ ಹಾಗೇ ಉಳಿಯಿತು.

"ತಪ್ಪಾಯ್ತು ಅಂತಾರ."

"ತಪ್ಪಾಯ್ತು. ತಪ್ಪಾಯ್ತು. ತಪ್ಪಾಯ್ತು." ಮಗ್ಗಿ ಉರು ಹೊಡೆಯುವ ಹಾಗೆ ಹೇಳಿಕೊಳ್ಳುತ್ತ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇಪ್ಪತ್ತರ ಮಗಳಿಗೆ ತಾಯಿಯ ಭಾಷೆಯಲ್ಲಿ ಆ ಒಂದು ಮಾತೂ ಆಡಲು ಬರುತ್ತಿರಲಿಲ್ಲ. ಯಾರ ತಪ್ಪು? ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಟೀಚರ್ ನನ್ನನ್ನು ಕರೆಸಿ, ನಿಮ್ಮ ಮಗು ಮರಾಠಿಯಲ್ಲಿ ಕನ್ನಡ ಬೆರೆಸುತ್ತದೆ ಅಂದಿದ್ದರು. ನಾನು ಹೆದರಿಬಿಟ್ಟೆ. ಅವತ್ತಿನಿಂದ ರಸ್ತೆಯಲ್ಲಿ, ಅಂಗಡಿಯಲ್ಲಿ, ಶಾಲೆಯ ಗೇಟಿನಲ್ಲಿ ಅವಳ ಬಾಯಿಂದ ಕನ್ನಡ ಬಂದರೆ ಮೆಲ್ಲಗೆ ಮಣಿಕಟ್ಟು ಒತ್ತುತ್ತಿದ್ದೆ. ಬಹಳ ದಿನ ಒತ್ತಬೇಕಾಗಲಿಲ್ಲ. ಮಗು ಜಾಣೆ. ತಿಳಿದರೂ ತಿಳಿಯದವಳ ಹಾಗೆ ಇರುವುದನ್ನು ಬೇಗ ಕಲಿತಳು. ಡಿ.ಎಡ್.ಗೆ ಸೇರುವ ಎಷ್ಟೋ ವರ್ಷ ಮೊದಲೇ ಅವಳ ಒಂದು ಕೋರ್ಸು ನಮ್ಮ ಮನೆಯಲ್ಲಿ ಮುಗಿದಿತ್ತು. ಕಲಿಸಿದವಳು ನಾನು.

ಮುಂದಿನದು ಪಲ್ಲವಿ ಹೇಳಿ ನನಗೆ ಗೊತ್ತಾದದ್ದು.

ಆ ಹುಡುಗಿಯ ಹೆಸರು ಅಂಬಿಕಾ. ಅಪ್ಪ ಅಮ್ಮ ಆಳಂದ ತಾಲೂಕಿನವರು, ಹತ್ತಿರದ ಉಳ್ಳಾಗಡ್ಡಿ ದಾಸ್ತಾನಿನಲ್ಲಿ ಒಳ್ಳೆಯದು ಕೆಟ್ಟದ್ದು ಆರಿಸುವ ಕೆಲಸ. ಸಂಜೆ ಹುಡುಗಿಯೂ ತಾಯಿಯ ಪಕ್ಕ ಕುಳಿತು ಆರಿಸುತ್ತಾಳೆ. ಶಾಲೆಗೆ ಸೇರಿ ಕೆಲವು ತಿಂಗಳಾಗಿತ್ತು. ಕ್ಲಾಸಿನ ಬಾಯಿ ಪಲ್ಲವಿಗೆ ಹೇಳಿದರು, "ಅಂಬಿಕಾನಾ? ಅವಳು ಮಾತೇ ಆಡುವುದಿಲ್ಲ. ನಿನ್ನ ಪಾಠದ ದಿನ ಕೈ ಎತ್ತಿದಳಲ್ಲ, ಅದೇ ಮೊದಲು." (ಮರಾಠಿ ಶಾಲೆಗಳಲ್ಲಿ ಟೀಚರಮ್ಮನಿಗೆ 'ಬಾಯಿ' ಅನ್ನುತ್ತಾರೆ. ಕನ್ನಡದ ಕಿವಿಗೆ ತಮಾಷೆ ಅನ್ನಿಸುತ್ತದೆ. ಕೆಲವರಿಗೆ ಹೆಸರು ಸರಿಯಾಗಿ ಒಪ್ಪುತ್ತದೆ ಕೂಡ.) ಕಲಿಕೆಯಲ್ಲಿ ಹಿಂದುಳಿದವರ ಪಟ್ಟಿಯಲ್ಲಿ ಅಂಬಿಕಾಳ ಹೆಸರಿತ್ತು.

ಅವತ್ತು ಪಲ್ಲವಿ ಊಟದ ಡಬ್ಬಿ ಹಾಗೇ ವಾಪಸ್ ತಂದಳು.

ಸೋಮವಾರ ಮಾತಾಡಿಸಲು ಹೋದಳು. ಅಂಬಿಕಾ ತಲೆ ಎತ್ತಲಿಲ್ಲ. ಮಂಗಳವಾರ ಹೋದಳು. ಹುಡುಗಿ ನೋಟ್‌ಬುಕ್ ಮುಚ್ಚಿ ನೀರು ಕುಡಿಯಲು ಎದ್ದು ಹೋದಳು. ಬುಧವಾರ ನನ್ನ ಮಗಳು ನನ್ನ ಬುಟ್ಟಿಯಿಂದ ಐದು ಉಳ್ಳಾಗಡ್ಡಿ ಚೀಲಕ್ಕೆ ಹಾಕಿಕೊಂಡಳು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಕಟ್ಟೆಯ ಮೇಲೆ ಟಬ್ಬಿನಲ್ಲಿ ನೀರು ತುಂಬಿಟ್ಟುಕೊಂಡು ಅಂಬಿಕಾಳನ್ನು ಕರೆದಳು. ಹುಡುಗಿ ಉಳ್ಳಾಗಡ್ಡಿಗಳನ್ನು ನೋಡಿ ನಿಂತಳು. ಪಲ್ಲವಿ ಉರು ಹೊಡೆದದ್ದನ್ನು ಒಪ್ಪಿಸಿದಳು:

"ತಪ್ಪಾಯ್ತು. ಅವತ್ತು ನೀನು ಹೇಳಿದ್ದು ನಂಗೆ ತಿಳೀತು. ನಾನು ಸುಳ್ಳು ಹೇಳಿದೆ. ನೀನು ಶಾಣ್ಯಾ ಹುಡುಗ ಇದ್ದಿ."

ಅಂಬಿಕಾ ಮೊದಲ ಸಲ ಅವಳ ಮುಖ ನೋಡಿದಳು.

"ನಾ ಹುಡುಗ ಅಲ್ರಿ. ಹುಡುಗಿ. ಶಾಣ್ಯಾಕಿ ಅನಬೇಕ್ರಿ."

"ಶಾಣ್ಯಾಕಿ."

"ಹಾಂ. ಈಗ ಬರೋಬರಿ ಆಯ್ತು ನೋಡ್ರಿ."

ಹೇಳಿ, ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳಂತೆ. ಆಮೇಲೆ ಒಂದೊಂದೇ ಉಳ್ಳಾಗಡ್ಡಿ ಎತ್ತಿಕೊಂಡು ಅದರ ಕತ್ತಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ, "ಇದು ತೇಲತದ. ಇದು ಮುಳುಗತದ" ಅಂತ ಹೇಳಿ ನೀರಿಗೆ ಬಿಟ್ಟಳು. ನಾಲ್ಕು ಅವಳು ಹೇಳಿದ ಹಾಗೇ ಆದವು. ಐದನೆಯದು ಮೋಸ ಮಾಡಿತು. ಯಾಕೆ ಅಂತ ಅದನ್ನು ಕತ್ತರಿಸಿ ನೋಡುವ ಹೊತ್ತಿಗೆ ಸುತ್ತ ಅರ್ಧ ಕ್ಲಾಸು ಸೇರಿತ್ತು. ಅವಳು ಹೇಳಿದ್ದನ್ನು ಪಲ್ಲವಿ ಮರಾಠಿಗೆ ತಿರುಗಿಸಿದಳು. ಮಕ್ಕಳು 'ಮುಳುಗತದ, ಮುಳುಗತದ' ಅಂತ ಕುಣಿದರು. ಮರಾಠಿಯಲ್ಲಿ ಅದಕ್ಕೆ 'ಬುಡತೋ' ಅನ್ನುತ್ತಾರೆ ಅಂತ ಅವರು ಅಂಬಿಕಾಳಿಗೆ ಕಲಿಸಿದರು.

ಆ ಪಾಠಕ್ಕೆ ಟಾಚಣ ಇರಲಿಲ್ಲ. ಮಾರ್ಕ್ಸ್ ಹಾಕುವವರೂ ಇರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ನೆಮ್ಮದಿಯಾಗಿ ಮಲಗುತ್ತಿದ್ದೆ. ಮುಗಿಯಲಿಲ್ಲ. ಡಿ.ಎಡ್. ಓದುವವರ ಫೈಲಿನಲ್ಲಿ ಪ್ರತಿ ಪಾಠದ ನಂತರ ಒಂದು ಪುಟ ಇರುತ್ತದೆ, ತನ್ನ ಪಾಠದ ಬಗ್ಗೆ ತಾನೇ ಬರೆದುಕೊಳ್ಳಲು. ಎಲ್ಲರೂ ಬರೆಯುವುದು ಒಂದೇ: ದನಿ ಇನ್ನೂ ಏರಬೇಕಿತ್ತು, ಬೋರ್ಡಿನ ಅಕ್ಷರ ದಪ್ಪವಾಗಬೇಕಿತ್ತು. ನಮ್ಮ ಪಲ್ಲವಿ ಬರೆದಳು: "ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿ ಸರಿಯಾದ ಉತ್ತರ ಕೊಟ್ಟಳು. ನನಗೆ ಆ ಭಾಷೆ ತಿಳಿಯುತ್ತದೆ. ಪಾಠ ಸಮಯಕ್ಕೆ ಮುಗಿಯಲಿ ಎಂದು, ಮತ್ತು ನಾಚಿಕೆಯಿಂದ, ತಿಳಿಯಲಿಲ್ಲ ಎಂದು ಹೇಳಿ ಅವಳನ್ನು ಕೂರಿಸಿದೆ."

ಜಾಧವ ಮೇಡಂ ಅವಳನ್ನು ಕರೆಸಿದರು. ಕೆಟ್ಟವರಲ್ಲ ಅವರು. ಮಗಳ ಮೇಲೆ ಅಕ್ಕರೆ ಇದ್ದವರೇ. "ಯಾಕಮ್ಮ ಹೀಗೆ ಬರೆದೆ? ಫೈಲು ಹೊರಗಿನ ಪರೀಕ್ಷಕರ ಕೈಗೆ ಹೋಗುತ್ತದೆ. ನಿನ್ನ ವಿರುದ್ಧ ನೀನೇ ಸಾಕ್ಷಿ ಹೇಳುತ್ತೀಯಾ? ಈ ಪುಟ ತೆಗೆದು ಬೇರೆ ಬರಿ" ಅಂದರು.

ನಾನೂ ಅದನ್ನೇ ಹೇಳಿದೆ. "ಮೇಡಂ ಹೇಳೂದು ಖರೇ ಅದ ಪಲ್ಲು. ಆ ಹುಡುಗಿಗಿ ಹೇಳೂದು ಹೇಳಿದಿ, ಮುಗೀತು. ಕಾಗದದ ಮ್ಯಾಲ ಯಾಕ ಬೇಕು? ಹರದು ಹಾಕು."

ಯಜಮಾನರು ಪೇಪರ್ ಓದುತ್ತಿದ್ದವರು ಕನ್ನಡಕದ ಮೇಲಿನಿಂದ ನೋಡಿದರು. "ನಮ್ಮ ಕಾರ್ಖಾನ್ಯಾಗ ರಿಜೆಕ್ಟ್ ಮಾಡಿದ ಚೀಟಿ ಹರದ್ರ ಪೀಸ್ ಚಲೋ ಆಗ್ತದೇನು?"

ಒಂದೇ ಸಾಲು. ನಾನು ಸಿಟ್ಟಿನಿಂದ ಪಾತ್ರೆ ಸದ್ದು ಮಾಡಿದೆ. ಪಲ್ಲವಿ ಪುಟ ಹರಿಯಲಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಛತ್ರಪತಿ ಸಂಭಾಜಿನಗರದಿಂದ ಪರೀಕ್ಷಕರು ಬಂದರು. ನಿವೃತ್ತ ಹೆಡ್‌ಮಾಸ್ಟರ್. ಕಡಿಮೆ ಮಾತಿನವರು. ಇವಳ ಸರದಿ ಬಂದಾಗ ಫೈಲಿನ ಪುಟಗಳನ್ನು ಸರಸರ ತಿರುವುತ್ತ ಹೋದವರು ಒಂದು ಕಡೆ ನಿಂತರು. ಓದಿದರು. ಬೆರಳಿಟ್ಟು ಇನ್ನೊಮ್ಮೆ ಓದಿದರು. ಪಕ್ಕದಲ್ಲಿದ್ದ ಜಾಧವ ಮೇಡಂ ಕಿಟಕಿಯ ಆಚೆ ನೋಡತೊಡಗಿದರು.

ಮನೋವಿಜ್ಞಾನ ಕೇಳಲಿಲ್ಲ. ಬೋಧನಾ ಪದ್ಧತಿ ಕೇಳಲಿಲ್ಲ. ತಲೆ ಎತ್ತಿ ಕೇಳಿದ್ದು ಇಷ್ಟೇ:

"ಈಗ ಆ ಹುಡುಗಿ ಮಾತಾಡುತ್ತಾಳಾ?"

"ಆಡುತ್ತಾಳೆ ಸರ್. ಈಗ ಸುಮ್ಮನೆ ಕೂರುವುದೇ ಇಲ್ಲ ಅಂತ ಬಾಯಿ ಕಂಪ್ಲೇಂಟ್ ಮಾಡುತ್ತಾರೆ."

ಅವರು ಸಹಿ ಹಾಕಿ ಫೈಲು ಮುಚ್ಚಿದರು. ಹೊರಗೆ ಬಂದ ಮೇಲೆ ಜಾಧವ ಮೇಡಂ ಇವಳ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು ಸ್ಟಾಫ್ ರೂಮಿಗೆ ನಡೆದರು. ಮಾರ್ಕ್ಸ್ ಎಷ್ಟು ಬಂತು ಅಂತೀರಾ? ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಪುಟದಿಂದ ಕೂಡಿತೋ ಕಳೆಯಿತೋ ಗೊತ್ತಿಲ್ಲ. ಅವಳು ಕೇಳಲಿಲ್ಲ. ನಾನೂ ಕೇಳಬಾರದು ಅಂತ ತುಟಿ ಕಚ್ಚಿಕೊಂಡೆ.

ಅಂಬಿಕಾಳ ಹೆಸರು ಹಿಂದುಳಿದವರ ಪಟ್ಟಿಯಿಂದ ಹೋಗಿದೆ. ಅವಳ ಮರಾಠಿ ಇನ್ನೂ ಕುಂಟುತ್ತದೆ. ಪಲ್ಲವಿಯ ಕನ್ನಡವೂ ಅಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತ ನಡೆದಿದ್ದಾರೆ. ನಾನು ಈಗ ಮಗಳು ತಪ್ಪು ಕನ್ನಡ ಆಡಿದರೆ ನಗುವುದಿಲ್ಲ. (ಸುಳ್ಳು. ನಗುತ್ತೇನೆ. ಆದರೆ ಆಮೇಲೆ ಸರಿಯಾದದ್ದನ್ನು ಹೇಳಿಕೊಡುತ್ತೇನೆ.)

ಡಿ.ಎಡ್. ಓದಿದ್ದು ಮಗಳು. ಅದರ ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಉತ್ತರ ನನಗಂತೂ ಬರೆಯಲಾಗುತ್ತಿಲ್ಲ, ನೀವೇ ಪ್ರಯತ್ನಿಸಿ: 'ನೀನು ಹೇಳಿದ್ದು ತಿಳಿಯಲಿಲ್ಲ' ಅಂತ ನಾವು ದೊಡ್ಡವರು ಮಕ್ಕಳಿಗೆ ಹೇಳುತ್ತೇವಲ್ಲ, ಅದರಲ್ಲಿ ನಿಜವಾಗಿಯೂ ತಿಳಿಯದೇ ಇದ್ದದ್ದು ಎಷ್ಟು ಸಲ?